ಹ್ಞಾಂ, ಇಲ್ಲೇ ಇದೀನಿ

2021ರ ಆಗಸ್ಟ್‌ನಲ್ಲಿ ಅಲಾಸ್ಕದ ಫ್ರೆಡರಿಕ್ ಸೌಂಡ್ ಎಂಬಲ್ಲಿ ಕೆಲವು ವಿಜ್ಞಾನಿಗಳು ದೋಣಿ ನಿಲ್ಲಿಸಿ, ನೀರೊಳಗೆ ಸ್ಪೀಕರ್ ಇಳಿಸಿ, ಹಂಪ್‌ಬ್ಯಾಕ್ ತಿಮಿಂಗಿಲದ ಕರೆಯೊಂದರ ರೆಕಾರ್ಡಿಂಗ್ ಹಾಕಿದರು. ಟ್ವೈನ್ ಎಂಬ ಹೆಣ್ಣು ತಿಮಿಂಗಿಲ ಹತ್ತಿರ ಬಂತು, ದೋಣಿಗೆ ಸುತ್ತು ಹಾಕಿತು, ಓಗೊಟ್ಟಿತು. ಒಂದು ಸಲವಲ್ಲ, 20 ನಿಮಿಷದಲ್ಲಿ 36 ಸಲ. ಇವರು 10 ಸೆಕೆಂಡು ತಡೆದು ಕರೆದರೆ ಅದೂ ಸುಮಾರು ಅಷ್ಟೇ ತಡೆದು ಉತ್ತರಿಸುತ್ತಿತ್ತು. (ನನ್ನ ಟೀಮಿನಲ್ಲಿ ಇಷ್ಟು ಶಿಸ್ತಾಗಿ ರಿಪ್ಲೈ ಮಾಡುವವರು ಯಾರೂ ಇಲ್ಲ.) ಬ್ರೆಂಡಾ ಮೆಕೋವನ್ ಮತ್ತು ಸಂಗಡಿಗರ ಈ ಪ್ರಬಂಧ 2023ರಲ್ಲಿ ಪೀರ್‌ಜೆ ಪತ್ರಿಕೆಯಲ್ಲಿ ಬಂತು. ಪುಣೆಯಲ್ಲಿ ರಾತ್ರಿಯ ಅಮೆರಿಕಾ ಕಾಲ್ ಮುಗಿಸಿ ಅದನ್ನು ಓದುತ್ತಾ ಮೈ ಜುಮ್ಮೆಂದಿತು.

ಆದರೆ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಟ್ವೈನ್ ಮೊದಲು ಆಸಕ್ತಿ ತೋರಿತು, ಆಮೇಲೆ ತಳಮಳಗೊಂಡಿತು, ಕೊನೆಗೆ ದೂರ ಸರಿದುಹೋಯಿತು. ಆ ಕರೆ ಪರಸ್ಪರ ಸಂಪರ್ಕಕ್ಕೆ ಬಳಸುವಂಥದ್ದು ಎಂದು ವಿಜ್ಞಾನಿಗಳ ಎಣಿಕೆ. ಅಂದರೆ ತನ್ನವರು ಯಾರೋ ಕರೆಯುತ್ತಿದ್ದಾರೆಂದು ಅದು ಬಂದಿರಬೇಕು. ಕರೆದವರ ಬಳಿ ಆ ಒಂದು ಕರೆಯ ಹೊರತು ಹೇಳಲು ಏನೂ ಇರಲಿಲ್ಲ.

ನನಗೆ ಸಾಗರದ ಮನೆ ನೆನಪಾಯಿತು. ಅಜ್ಜಿಗೆ ಕಣ್ಣು ಹೋಗಿತ್ತು, ನೆನಪೂ ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ "ಶ್ರೀಧರಾ" ಎಂದು ಚಿಕ್ಕಪ್ಪನನ್ನು ಕರೆಯುತ್ತಿದ್ದಳು. ಚಿಕ್ಕಪ್ಪ ತೀರಿಕೊಂಡು 16 ವರ್ಷವಾಗಿತ್ತು. ರಜೆಗೆ ಹೋಗಿದ್ದ ನಾನು ತಡೆಯಲಾರದೆ "ಹ್ಞಾಂ, ಇಲ್ಲೇ ಇದೀನಿ" ಎಂದುಬಿಟ್ಟೆ. ಎಂಥ ಬೆಳಕು ಬಂತು ಆ ಮುಖಕ್ಕೆ! ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಕೇಳಿದಳು: "ಯಾವಾಗ ಬಂದ್ಯೋ? ಇಷ್ಟು ದಿನ ಎಲ್ಲಿದ್ದೆ?" ನನ್ನ ಬಳಿ ಇದ್ದದ್ದು ಅದೇ "ಹ್ಞಾಂ". ಅಜ್ಜಿ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

"ಅಷ್ಟಾದ್ರೂ ಸಮಾಧಾನ ಸಿಕ್ತಲ್ಲ ಬಿಡು" ಎಂದಳು ಅಮ್ಮ. ಇರಬಹುದು. ವಿಜ್ಞಾನಿಗಳ ಉದ್ದೇಶವೂ ಕೆಟ್ಟದ್ದೇನಲ್ಲ. ರೋಜರ್ ಪೇನ್ 1970ರಲ್ಲಿ ತಿಮಿಂಗಿಲಗಳ ಹಾಡಿನ ರೆಕಾರ್ಡ್ ಹೊರತಂದ ಮೇಲೆಯೇ ಎಷ್ಟೋ ಜನ ಅವುಗಳ ಪರವಾಗಿ ನಿಂತದ್ದು. ವಾಣಿಜ್ಯ ಬೇಟೆಗೆ 1986ರಿಂದ ಅಂತರರಾಷ್ಟ್ರೀಯ ತಡೆ ಬಂತು. ಆದರೆ ಪೇನ್ ಮಾಡಿದ್ದು ಕೇಳಿಸಿಕೊಳ್ಳುವ ಕೆಲಸ. ಈಗ ಡೊಮಿನಿಕಾ ದ್ವೀಪದ ಬಳಿ ಪ್ರಾಜೆಕ್ಟ್ ಸೆಟಿಯವರು ಎಐ ಬಳಸಿ ಸ್ಪರ್ಮ್ ತಿಮಿಂಗಿಲಗಳ ಟಕಟಕ ಸದ್ದನ್ನು ಬಿಡಿಸಿ ನೋಡುತ್ತಿದ್ದಾರೆ. ಅದೂ ಕೇಳಿಸಿಕೊಳ್ಳುವುದೇ, ಸಂತೋಷ. ಇದೇ ಕಸುಬಿನಲ್ಲಿರುವ ನನಗೆ ಒಂದು ಮಾತು ಗೊತ್ತು: ಮಾಡೆಲ್ ತಯಾರಾದ ದಿನ ಯಾರಾದರೊಬ್ಬರು ಸೆಂಡ್ ಒತ್ತದೆ ಇರುವುದಿಲ್ಲ. ಅವತ್ತು ತಿಮಿಂಗಿಲದ ದನಿಯಲ್ಲಿ ಕರೆಯುತ್ತೇವೋ, ನಾವು ಮನುಷ್ಯರು ಎಂದು ಹೇಳಿಕೊಳ್ಳುತ್ತೇವೋ? ಹೇಳಿಕೊಂಡರೆ ಅವು ಹತ್ತಿರ ಬರುತ್ತವೆಯೇ?

ನಾಲ್ಕನೆಯ ಸಂಜೆ ಅಜ್ಜಿ ಮತ್ತೆ ಕರೆದಳು. "ನಾನು ಅಜ್ಜಿ, ಮೊಮ್ಮಗ" ಎಂದೆ. "ಯಾರ ಮಗ?" ಎಂದಳು. ಹೇಳಿದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದಳು. ಮತ್ತೆ ಹೇಳಿದೆ.