ಪದಕವು ಯಾರಿಗೆ ಸಲ್ಲತಕ್ಕದ್ದು?

ನಂದಿಬೆಟ್ಟದ ಸುತ್ತಲಿನ ಗ್ರಾಮಗಳಲ್ಲಿ ವಾಸಿಸುವ ನಮ್ಮ ವಾಚಕರು 2022ನೆಯ ಇಸವಿ ಫೆಬ್ರವರಿ 20ನೆಯ ಆದಿತ್ಯವಾರದ ಸಂಗತಿಯನ್ನು ಮರೆತಿರಲಾರರು. ಆ ದಿನ 19 ವರುಷದ ವಿದ್ಯಾರ್ಥಿಯೊಬ್ಬನು ಬ್ರಹ್ಮಗಿರಿಯ ಬಂಡೆಗಳಿಂದ ಜಾರಿ, ಸುಮಾರು 300 ಅಡಿ ಕೆಳಗೆ ಬಿದ್ದು, ಕಡಿದಾದ ಒಂದು ಅಂಚಿನಲ್ಲಿ ಸಿಕ್ಕಿಕೊಂಡನು. ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಯವರು ಯಲಹಂಕದ ವಾಯುಸೇನಾ ನೆಲೆಗೆ ಹೇಳಿಕಳುಹಿಸಲು, ಅಲ್ಲಿಂದ ಎಂಐ-17 ಎಂಬ ಹೆಲಿಕಾಪ್ಟರು ಹೊರಟು, ಪೊಲೀಸರು ತೋರಿಸಿದ ಗುರುತಿನಿಂದ ಅವನಿದ್ದ ಸ್ಥಳವನ್ನು ಕಂಡಿತು. ಇಳಿಯುವದಕ್ಕೆ ಅಂಗೈಯಗಲ ಸಮನೆಲವೂ ಇಲ್ಲದ್ದರಿಂದ, ಫ್ಲೈಟ್ ಗನ್ನರ್ ಎಂಬ ಸೈನಿಕನು ಉಕ್ಕಿನ ಹಗ್ಗದಲ್ಲಿ ಇಳಿದು, ಹುಡುಗನ ಪಕ್ಕದಲ್ಲಿಯೇ ಕಾಲೂರಿ, ಅವನನ್ನು ಮೇಲಕ್ಕೆ ತಂದನು. ತುಪಾಕಿಯ ಕೆಲಸಕ್ಕೆಂದು ಹೆಸರು ಪಡೆದವನ ಕೈಯಿಂದ ಆ ದಿನ ಒಂದು ಪ್ರಾಣವು ಉಳಿಯಿತೆಂಬದನ್ನು ನೆನಸಿದಾಗ ನಮಗೆ ಈಗಲೂ ಆಶ್ಚರ್ಯವಾಗುತ್ತದೆ.

ಇಂಥವರಿಗೆ ಪದಕ ಕೊಡುವ ಮಾತು ಬಂದಾಗ ಕೆಲವರು ಆಕ್ಷೇಪಿಸುವದನ್ನು ನಾವು ಕೇಳಿದ್ದೇವೆ. ಅಜಾಗ್ರತೆಯಿಂದ ಬೆಟ್ಟ ಹತ್ತಿದವರಿಗಾಗಿ ಇನ್ನೊಬ್ಬನು ಪ್ರಾಣವನ್ನು ಒಡ್ಡುವದು ಯಾಕೆ ಅನ್ನುವರು. ಬಿದ್ದವನ ಗುಣವನ್ನು ವಿಚಾರಿಸಿ ಹಗ್ಗ ಬಿಡುವ ಮನುಷ್ಯನನ್ನು ನಾವು ಇದುವರೆಗೆ ಕಾಣಲಿಲ್ಲ. ಆ ಮಾತು ಅಷ್ಟಕ್ಕೇ ಇರಲಿ.

ಇನ್ನೊಂದು ಆಕ್ಷೇಪಣೆಯು ಇದಕ್ಕಿಂತ ಬಲವಾದದ್ದು. ಅದೇನಂದರೆ, ಸಂಬಳ ತಕ್ಕೊಳ್ಳುವವನು ತನ್ನ ಕೆಲಸವನ್ನು ಮಾಡಿದರೆ ಪದಕವೇತಕ್ಕೆ? ಶಾಲೆಯ ಉಪಾಧ್ಯಾಯನಿಗೆ ದಿನವೂ ಪದಕ ಕೊಡುವರೋ? ಇದಕ್ಕೆ ಉತ್ತರ ಹೇಳುವ ಮೊದಲು ಆ ಕೆಲಸವು ಎಂಥದೆಂದು ನೋಡಬೇಕು. ಎಂಐ-17ರ ಮೇಲಿನ ರೆಕ್ಕೆಗಳು ಸುತ್ತುವ ಚಕ್ರದ ಅಗಲವು ಸುಮಾರು 70 ಅಡಿ. ಅದರ ತುದಿಯು ಬಂಡೆಗೆ ತಗಲಿದರೆ ಒಳಗಿರುವವರೆಲ್ಲರಿಗೂ ನಾಶನ. ನಡಿಸುವವನಿಗೆ ತನ್ನ ಕೆಳಗೆ ತೂಗುವ ಮನುಷ್ಯನು ಕಾಣಿಸನು. ಬಾಗಿಲಲ್ಲಿ ಬೊಗ್ಗಿ ನೋಡುವ ಸಂಗಡಿಗನು ಮುಂದಕ್ಕೆ, ಬಲಕ್ಕೆ, ನಿಲ್ಲು ಎಂದು ಹೇಳುತ್ತಿರಬೇಕು. ಯಂತ್ರಕ್ಕೇ ಆಪತ್ತು ಬಂದರೆ ಹಗ್ಗವನ್ನು ಕತ್ತರಿಸಿಬಿಡುವ ಏರ್ಪಾಡು ಕೂಡ ಇಂಥ ಯಂತ್ರಗಳಲ್ಲಿ ಉಂಟು. ತೂಗುವವನು ಇದನ್ನು ಬಲ್ಲನು. ಬಲ್ಲವನಾಗಿಯೇ ಬಾಗಿಲನ್ನು ದಾಟುತ್ತಾನೆ. ಇದು ಬರೀ ಮಾತಲ್ಲ. 2013ನೆಯ ಜೂನ್ 25ರಲ್ಲಿ ಉತ್ತರಾಖಂಡದ ಪ್ರವಾಹದ ಕಾಲದಲ್ಲಿ ಇದೇ ಜಾತಿಯ ಹೆಲಿಕಾಪ್ಟರು ಗೌರೀಕುಂಡದ ಬಳಿ ಬಿದ್ದು, ಜನರನ್ನು ರಕ್ಷಿಸಲು ಹೋದ 20 ಮಂದಿ ಸತ್ತರು.

ಆದದರಿಂದ ಸಂಬಳವನ್ನೂ ಪದಕವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಸಂಬಳದಿಂದ ತೀರದ ಸಾಲವೊಂದು ಉಂಟೆಂದು ದೇಶವು ಬಾಯಿಬಿಟ್ಟು ಒಪ್ಪಿಕೊಳ್ಳುವದೇ ಪದಕ. ನಮ್ಮ ಸರಕಾರವು 1952ರಲ್ಲಿ, ಶತ್ರುವಿನೆದುರಿನಲ್ಲಿ ಅಲ್ಲದೆ ಬೇರೆ ಕಡೆ ತೋರಿಸಿದ ಧೈರ್ಯಕ್ಕಾಗಿಯೇ ಮೂರು ತರಗತಿಯ ಪದಕಗಳನ್ನು ಸ್ಥಾಪಿಸಿತು. 1967ರಿಂದ ಅವುಗಳಿಗೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಎಂದು ಹೆಸರು.

ಹಾಗಾದರೆ ಅದು ಯಾರಿಗೆ? ನಮಗೆ ನಿಜವಾಗಿ ಕಷ್ಟವಾಗಿ ತೋರುವ ಪ್ರಶ್ನೆ ಇದೇ. 1992ರ ಅಕ್ಟೋಬರಿನಲ್ಲಿ ಹಿಮಾಚಲದ ಪರವಾಣೂವಿನಲ್ಲಿ ತಂತಿಯ ಮೇಲೆ ಓಡುವ ಬಂಡಿಯೊಂದು ಕಣಿವೆಯ ನಡುವೆ ನಿಂತುಹೋಗಿ ಪ್ರವಾಸಿಗಳು ಸಿಕ್ಕಿಬಿದ್ದಿದ್ದರು. ಹೆಲಿಕಾಪ್ಟರಿನಿಂದ ಮೇಜರ್ ಐವನ್ ಜೋಸೆಫ್ ಕ್ರಾಸ್ಟೋ ಎಂಬವರು ಹಗ್ಗದಲ್ಲಿ ಆ ಬಂಡಿಗೆ ಇಳಿದು, ಕತ್ತಲಾದ ಮೇಲೆ ಉಳಿದವರನ್ನು ಬಿಟ್ಟು ಬಾರದೆ ರಾತ್ರಿಯೆಲ್ಲಾ ಅವರ ಸಂಗಡಲೇ ಇದ್ದರು. ಮೇಲೆ ಯಂತ್ರವನ್ನು ನಡಿಸಿದವರು ಗ್ರೂಪ್ ಕ್ಯಾಪ್ಟನ್ ಫಾಲಿ ಹೋಮಿ ಮೇಜರ್. ಇವರೇ 2007ರಲ್ಲಿ ವಾಯುಸೇನೆಗೆ ಮುಖ್ಯಸ್ಥರಾದರು. ಹುದ್ದೆಯಲ್ಲಿ ಇವರೇ ಹೆಚ್ಚಿನವರಾದಾಗ್ಯೂ ಇವರಿಗೆ ಶೌರ್ಯ ಚಕ್ರವೂ, ಹಗ್ಗದ ತುದಿಯಲ್ಲಿದ್ದ ಕ್ರಾಸ್ಟೋ ಅವರಿಗೆ ಅದಕ್ಕಿಂತ ಮೇಲಿನ ಕೀರ್ತಿ ಚಕ್ರವೂ ದೊರೆತವು. ಇದು ನ್ಯಾಯವೆಂದು ನಮ್ಮ ಅಭಿಪ್ರಾಯ. ಆದರೆ ಬ್ರಹ್ಮಗಿರಿಯಲ್ಲಿ ಇಳಿದ ಆ ಗನ್ನರನ ಹೆಸರನ್ನು ಬಲ್ಲವರು ನಮ್ಮ ಗ್ರಾಮಗಳಲ್ಲಿ ಎಷ್ಟು ಮಂದಿ?

ಹಗ್ಗದಲ್ಲಿ ಇಳಿಯುವವರು ನಮ್ಮ ಸೀಮೆಗೆ ಹೊಸಬರಲ್ಲ. ಹಾಳುಬಾವಿಗಳು ತುಂಬಿರುವ ಈ ಜಿಲ್ಲೆಯಲ್ಲಿ ಅಂಥವನೊಬ್ಬನು ಊರೂರಿಗೂ ಉಂಟು. ಇವರಂಥ ಸಾಮಾನ್ಯ ಜನರಿಗಾಗಿ ಜೀವನ ರಕ್ಷಾ ಪದಕವೆಂಬದು 1961ರಿಂದ ಇದೆ. ರಾಜ್ಯ ಸರಕಾರದ ಮೂಲಕ ಹೆಸರನ್ನು ಕಳುಹಿಸಬಹುದು. ಆದರೆ ಯಾರಾದರೂ ಕಂಡದ್ದನ್ನು ಬರೆದು ಕೊಡದೆ ಅದು ತಾನಾಗಿ ಬರುವದಿಲ್ಲ.

ಶಿಡ್ಲಘಟ್ಟದ ಕಡೆಯ ಒಂದು ಗ್ರಾಮದಲ್ಲಿ, ಬಾವಿಗೆ ಬಿದ್ದ ಮಗುವನ್ನು ಎತ್ತಿತಂದ ಕೂಲಿಯವನೊಬ್ಬನನ್ನು ನಾವು ಬಲ್ಲೆವು. ಊರವರು ಅವನಿಗೆ ಒಂದು ಟವಲು ಹೊದಿಸಿದ್ದರು. ನಾವು ಕಾಗದ ತೆಗೆದು ಅವನ ಹೆಸರನ್ನೂ ತಂದೆಯ ಹೆಸರನ್ನೂ ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲೆ ಹಗ್ಗ ಹಿಡಿದಿದ್ದವರು ನಾಲ್ಕು ಜನ ಸ್ವಾಮಿ, ಮೊದಲು ಅವರ ಹೆಸರು ಬರಕೊಳ್ಳಿ" ಎಂದು ಒಬ್ಬೊಬ್ಬರ ಹೆಸರನ್ನಾಗಿ ಹೇಳತೊಡಗಿದನು.