ಅಸ್ತ್ರದ ಉಪಸಂಹಾರ

ಪರೀಕ್ಷಿದ್ರಾಜನ ಜನನವೃತ್ತಾಂತವನ್ನು ಭಾಗವತ ಸಪ್ತಾಹದಲ್ಲಿ ಕೇಳದಿರುವ ಮಾಧ್ವ ಕುಟುಂಬವು ನಮ್ಮ ಅಥಣಿ ಸೀಮೆಯಲ್ಲಿ ವಿರಳ. ಆ ಶಿಶುವಿಗೆ ಗರ್ಭದಲ್ಲಿಯೇ ಮೃತ್ಯುವನ್ನು ತಂದ ಅಸ್ತ್ರದ ಕಥೆಯನ್ನು ಮಹಾಭಾರತದ ಸೌಪ್ತಿಕಪರ್ವದಲ್ಲಿ ನೋಡಿದವರಿಗೆ, ಅಣ್ವಸ್ತ್ರವನ್ನು ಕುರಿತು ಇಂದು ನಡೆಯುತ್ತಿರುವ ವಾದವು ತೀರ ಹೊಸದೆನಿಸಲಾರದು. ಎಂದಿಗೂ ಬಿಡಬಾರದ ಅಸ್ತ್ರವನ್ನು, ಬಿಟ್ಟೇನೆಂದು ಹೆದರಿಸುವುದಕ್ಕಾಗಿ ಇಟ್ಟುಕೊಳ್ಳುವುದು ಧರ್ಮವೇ ಎಂಬುದು ಆ ವಾದದ ತಿರುಳು.

ಇದು ನಮಗೆ ಪರದೇಶದ ಮಾತಲ್ಲ. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಪ್ರಥಮ ಸ್ಫೋಟದ ಕಾಲಕ್ಕೆ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ರಾಜಾ ರಾಮಣ್ಣನವರು ತುಮಕೂರಿನಲ್ಲಿ ಹುಟ್ಟಿದವರು. 1998ರ ಮೇ 11ರ ವೈಶಾಖ ಪೌರ್ಣಿಮೆಯಂದು ಮೂರು, 13ರಂದು ಎರಡು ಸ್ಫೋಟಗಳಾದವು. 2003ರ ಜನವರಿಯಲ್ಲಿ ಪ್ರಕಟವಾದ ನಮ್ಮ ಸರಕಾರದ ನೀತಿಯಲ್ಲಿ ಮುಖ್ಯವಾದ ಎರಡು ಮಾತುಗಳುಂಟು: ನಾವು ಮೊದಲು ಪ್ರಯೋಗಿಸುವುದಿಲ್ಲ; ನಮ್ಮ ಮೇಲೆ ಪ್ರಯೋಗವಾದರೆ ಪ್ರತೀಕಾರವು ಭಾರಿಯಾಗಿರುವುದು.

ಇಟ್ಟುಕೊಳ್ಳುವುದೇ ಪಾಪವೆಂಬ ಪಕ್ಷವನ್ನು ನಾವು ಸೇರಲಾರೆವು. ಉಕ್ರೇನ ದೇಶವು 1994ರಲ್ಲಿ ಆಶ್ವಾಸನೆಗಳನ್ನು ನಂಬಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲೊಪ್ಪಿತು. ಆಶ್ವಾಸನೆಯಿತ್ತ ದೇಶಗಳಲ್ಲೊಂದಾದ ರಷ್ಯವೇ 2014ರಲ್ಲಿ ಅದರ ನೆಲವನ್ನು ಕಸಿದು, 2022ರಲ್ಲಿ ಪೂರ್ಣಯುದ್ಧಕ್ಕಿಳಿಯಿತು. ನಿರಾಯುಧನಾದವನನ್ನು ಬಲಿಷ್ಠನು ಬಿಟ್ಟಾನೆಂಬ ಭರವಸೆ ಎಲ್ಲಿಯದು? ಅರ್ಜುನನಲ್ಲಿಯೂ ಬ್ರಹ್ಮಶಿರವೆಂಬ ಮಹಾಸ್ತ್ರವಿತ್ತಷ್ಟೆ.

ಆದರೆ ಅಸ್ತ್ರವನ್ನು ಹೊಂದಿದ ಇಬ್ಬರ ಅಂತರವನ್ನು ನೋಡಬೇಕು. ಅಶ್ವತ್ಥಾಮನು ಹಿಂದೊಮ್ಮೆ ದ್ವಾರಕೆಗೆ ಹೋಗಿ, ಅಸ್ತ್ರಕ್ಕೆ ಬದಲಾಗಿ ಸುದರ್ಶನವನ್ನೇ ಬೇಡಿದ್ದನು, ಎತ್ತಲು ಶಕ್ತನಾಗಲಿಲ್ಲ. ಯಾರ ಮೇಲೆ ಬಿಡುವುದಕ್ಕೆಂದು ಶ್ರೀಕೃಷ್ಣನು ಕೇಳಿದರೆ, ನಿನ್ನೊಡನೆಯೇ ಕಾದಿ ಅಜೇಯನಾಗಬೇಕೆಂದಿದ್ದೆನೆಂದನು. ಸರ್ವಾಧಿಕಾರಿಗಳ ಮನಸ್ಸು ಇದಕ್ಕಿಂತ ಬೇರೆಯಲ್ಲ. ಅಂಥವನು ಮಲಗಿದ್ದವರನ್ನು ರಾತ್ರಿಯಲ್ಲಿ ಕೊಂದು, ಬಳಿಕ ಪ್ರಾಣಕ್ಕಂಜಿ, ಪಾಂಡವರ ನಾಶಕ್ಕೆಂದೇ ಅಸ್ತ್ರವನ್ನು ಬಿಟ್ಟನು. ಅರ್ಜುನನಾದರೋ ಬಿಡುವ ಮುನ್ನ ಆಚಾರ್ಯಪುತ್ರನಿಗೆ ಮೊದಲು, ಅನಂತರ ತನಗೂ ತನ್ನ ಸಹೋದರರಿಗೂ ಮಂಗಳವನ್ನು ಕೋರಿ, ಅಸ್ತ್ರದಿಂದ ಅಸ್ತ್ರವು ಶಾಂತವಾಗಲೆಂದನು. ನಾರದರೂ ಭಗವಾನ್ ವೇದವ್ಯಾಸರೂ ನಡುವೆ ಬಂದು ನಿಂತಾಗ ತನ್ನದನ್ನು ಉಪಸಂಹರಿಸಿದನು. ಅಶ್ವತ್ಥಾಮನಿಂದ ಅದು ಆಗಲಿಲ್ಲ. ವ್ರತನಿಷ್ಠನಲ್ಲದವನು ಹಿಂತೆಗೆಯಲಾರದ ಅಸ್ತ್ರವದು.

ಇಂದಿನ ಕ್ಷಿಪಣಿಗೆ ಉಪಸಂಹಾರವುಂಟೇ? 2022ರ ಮಾರ್ಚ್ 9ರಂದು ನಮ್ಮದೇ ಕ್ಷಿಪಣಿಯೊಂದು ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾ ಚನ್ನೂ ಎಂಬಲ್ಲಿ ಬಿದ್ದಿತು. ದೈವವಶಾತ್ ಯಾರೂ ಸಾಯಲಿಲ್ಲ. ಮೂವರು ವಾಯುಸೇನಾಧಿಕಾರಿಗಳನ್ನು ಸೇವೆಯಿಂದ ತೆಗೆಯಲಾಯಿತು. ಅದು ಅಣ್ವಸ್ತ್ರವಲ್ಲ, ನಿಜ. ಆದರೆ ವ್ರತವಿದ್ದವನ ಕೈಯಿಂದ ಹೊರಟದ್ದೂ ಹಿಂದಿರುಗಲಿಲ್ಲವೆಂಬುದನ್ನು ಮರೆಯಲಾಗದು.

ಬ್ರಹ್ಮಶಿರವನ್ನು ಇನ್ನೊಂದು ಮಹಾಸ್ತ್ರವು ತಡೆದ ನಾಡಿನಲ್ಲಿ ಹನ್ನೆರಡು ವರ್ಷ ಮಳೆಯಾಗದೆಂದೂ ಆ ಪರ್ವದಲ್ಲಿಯೇ ಇದೆ. 1972ರ ಬರವನ್ನು ಕಂಡ ನಮ್ಮ ಹಿರಿಯರಿಗೆ, ಒಂದು ವರ್ಷದ ಮಳೆ ಹೋದರೇನಾಗುವುದೆಂದು ಹೇಳಬೇಕಾಗಿಲ್ಲ. ಅಣುಯುದ್ಧದ ಬೆಂಕಿಯ ಮಸಿಯು ಆಕಾಶಕ್ಕೇರಿ, ಬಿಸಿಲನ್ನು ಮರೆಮಾಡಿ, ಬೆಳೆಗಳನ್ನು ಕೆಡಿಸುವುದೆಂದು 1983ರಿಂದ ವಿಜ್ಞಾನಿಗಳೂ ಎಚ್ಚರಿಸುತ್ತಿದ್ದಾರೆ.

ಇನ್ನು ಭಯೋತ್ಪಾದಕನ ವಿಷಯ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರು ಹತರಾದರು. ಅವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ನಮ್ಮ ಅಣ್ವಸ್ತ್ರಗಳು ಆ ಕೈಗಳನ್ನು ತಡೆಯಲಿಲ್ಲ. ಮಹಾಸ್ತ್ರದ ಭಯವು ಕಳೆದುಕೊಳ್ಳಲು ರಾಜ್ಯವುಳ್ಳವನಿಗೆ, ಸಾಯಲೆಂದೇ ಬಂದವನಿಗಲ್ಲ. ಮೇ 7ರಂದು ನಮ್ಮ ಸೇನೆಯು ಉಗ್ರರ ಒಂಬತ್ತು ನೆಲೆಗಳ ಮೇಲೆ ಪ್ರಹಾರ ಮಾಡಿತು. 10ರಂದು ಕಾದಾಟವು ನಿಂತಿತು. ಅಪರಾಧಿಯನ್ನೇ ಅರಸಿ ದಂಡಿಸುವುದು ಯುಕ್ತವೆಂದೇ ನಾವು ತಿಳಿಯುತ್ತೇವೆ. ಭೀಮಸೇನದೇವರು ಗಂಗಾತೀರದವರೆಗೆ ಬೆನ್ನಟ್ಟಿದ್ದು ಅಶ್ವತ್ಥಾಮನೊಬ್ಬನನ್ನೇ. ಅವನ ಬಂಧುಗಳ ಊರನ್ನು ಸುಡಲು ಹೊರಡಲಿಲ್ಲ.

ಆದುದರಿಂದಲೇ ನಮ್ಮ ನೀತಿಯ ಎರಡನೆಯ ಮಾತು ಮನಸ್ಸನ್ನು ಬಾಧಿಸುತ್ತದೆ. ಮೊದಲು ಪ್ರಯೋಗಿಸೆವೆಂಬುದು ಅರ್ಜುನನ ಮಂಗಳವಚನಕ್ಕೆ ಸಮೀಪವಾದುದು. ಭಾರಿ ಪ್ರತೀಕಾರವೆಂದರೆ ಹಾಗಲ್ಲ; ವೈರಿಯ ನಗರಗಳಲ್ಲಿಯೂ ಉತ್ತರೆಯರಿದ್ದಾರೆ. ಅಶ್ವತ್ಥಾಮನು ಹಿಂತೆಗೆಯಲಾರದೆ ಅಸ್ತ್ರವನ್ನು ತಿರುಗಿಸಿದ್ದು ಅಂಥ ಗರ್ಭದ ಕಡೆಗೇ. ಅಂದು ಶ್ರೀಕೃಷ್ಣನು ಶಿಶುವನ್ನು ಬದುಕಿಸಿದನು. ಇಂದೂ ಬದುಕಿಸುವನೆಂದು ನಂಬಿ ಬಾಣವನ್ನು ಹೂಡುವ ಅಧಿಕಾರ ಯಾರಿಗಿದೆ? ಐವರು ಮಕ್ಕಳನ್ನು ಕಳೆದುಕೊಂಡ ದ್ರೌಪದೀದೇವಿಯು, ಕೊಂದವನ ಶಿರೋಮಣಿಯು ಕೈಸೇರಿದ ಮೇಲೆ, ಋಣ ತೀರಿತೆಂದೂ ಗುರುಪುತ್ರನು ಗುರುಸಮಾನನೆಂದೂ ಹೇಳಿ, ಆ ಮಣಿಯನ್ನು ಧರ್ಮರಾಜನು ತಲೆಯಲ್ಲಿ ಧರಿಸುವಂತೆ ಮಾಡಿದಳು.