ಅದಾನೋ, ಇದ್ದನೋ?

ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಸಂಘದ ವಾಚನಾಲಯದ ಕೋಣೆಯಲ್ಲಿ ನಡೆಯುವ ಇಂಗ್ಲಿಷ್ ತರಗತಿಯ ವಿಷಯ ಸದಸ್ಯರಿಗೆ ತಿಳಿದದ್ದೇ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರ ಮಕ್ಕಳು, ಉಡುಪಿ-ಕುಂದಾಪುರದ ಕಡೆಯ ಹೋಟೆಲು ಕೆಲಸಗಾರರ ಮಕ್ಕಳು, ಜೊತೆಗೆ ಮೂರು ನಾಲ್ಕು ಮಂದಿ ತಾಯಂದಿರು ಅಲ್ಲಿಗೆ ಬರುತ್ತಾರೆ. ಕಲಿಸುವ ನಾವು ವೃತ್ತಿಯಿಂದ ಶಿಕ್ಷಕರಲ್ಲ. ವಾರವೆಲ್ಲ ಕಡತಗಳ ನಡುವೆ ಇರುವವರು. ಆದ್ದರಿಂದ ನಮ್ಮಿಂದಾದ ಒಂದು ತಪ್ಪನ್ನೂ ಆ ತಪ್ಪು ನಮ್ಮ ಮುಂದಿಟ್ಟ ಪ್ರಶ್ನೆಯನ್ನೂ ಇಲ್ಲಿ ಹೇಳಿಕೊಳ್ಳುವುದು ಉಚಿತವೆಂದು ತೋರಿತು.

ಕಳೆದ ಮಳೆಗಾಲದಲ್ಲಿ ‘ನನ್ನ ಕುಟುಂಬ’ ಎಂಬ ಪಾಠ ಬಂತು. ಇಂಗ್ಲಿಷ್ ಪಾಠಮಾಲೆ ಯಾವುದೇ ಇರಲಿ, ಮೊದಲ ಐದಾರು ಪಾಠಗಳಲ್ಲಿ ಇದು ಇದ್ದೇ ಇರುತ್ತದೆ. ಚಿತ್ರದಲ್ಲಿ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವ ತಂದೆ, ಪಕ್ಕದಲ್ಲಿ ತಾಯಿ, ಒಬ್ಬ ಅಣ್ಣ, ಒಬ್ಬಳು ತಂಗಿ, ಕಾಲ ಬಳಿ ಒಂದು ನಾಯಿ. ಎಲ್ಲಕ್ಕಿಂತ ಸುಲಭವಾದ ಪಾಠ ಇದೇ ಎಂದು ನಾವು ತಿಳಿದಿದ್ದೆವು. ಮಗುವಿಗೆ ತನ್ನ ಮನೆಗಿಂತ ಚೆನ್ನಾಗಿ ಗೊತ್ತಿರುವ ವಿಷಯ ಬೇರೆ ಯಾವುದಿದೆ?

ಮೊದಲು ಬಂದದ್ದು ನಗುವಿನ ತೊಡಕು. ಕುಂದಾಪುರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಮಾವನೂ ಅಂಕಲ್, ಚಿಕ್ಕಪ್ಪನೂ ಅಂಕಲ್, ಬಸ್ಸಿನ ಕಂಡಕ್ಟರೂ ಅಂಕಲ್ಲೇ?” ಎಂದಳು. ಅವಳದು ಅಳಿಯಸಂತಾನದ ಮನೆ. ಅಲ್ಲಿ ಸೋದರಮಾವನೆಂದರೆ ಯಜಮಾನ. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ನಂತರ ಆಸ್ತಿಯ ವ್ಯವಸ್ಥೆ ಬದಲಾಗಿರಬಹುದು. ಮದುವೆಮನೆಯಲ್ಲಿ ಮಾವನಿಗೆ ಸಲ್ಲುವ ಮನ್ನಣೆ ಬದಲಾಗಿಲ್ಲ. ಯಾದಗಿರಿಯ ಹುಡುಗನಿಗೆ ‘ಕಸಿನ್’ ಒಗ್ಗಲಿಲ್ಲ. ದೊಡ್ಡಪ್ಪನ ಮಗ ಅವನಿಗೆ ಅಣ್ಣ. ಸೋದರಮಾವನ ಮಗ ಬಾವ. ಒಬ್ಬ ಸ್ವಂತ ಒಡಹುಟ್ಟಿದವನಂತೆ, ಇನ್ನೊಬ್ಬ ನಾಳೆ ತನ್ನ ಅಕ್ಕನನ್ನೇ ಮದುವೆಯಾಗಬಹುದಾದವನು. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುವುದು ಹೇಗೆ?

ಈ ತೊಡಕನ್ನು ನಾವು ಉತ್ಸಾಹದಿಂದಲೇ ಬಿಡಿಸಿದೆವು. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ಸೋದರಮಾವನಿಗೊಂದು, ಚಿಕ್ಕಪ್ಪ-ದೊಡ್ಡಪ್ಪಂದಿರಿಗೊಂದು ಬೇರೆ ಬೇರೆ ಪದವಿತ್ತು. ಫ್ರೆಂಚಿನಿಂದ ಬಂದ ‘ಅಂಕಲ್’ ಎರಡನ್ನೂ ನುಂಗಿತು. ಆ ‘ಅಂಕಲ್’ನ ಮೂಲವಾದ ಲ್ಯಾಟಿನ್ ಪದಕ್ಕಾದರೋ ತಾಯಿಯ ಸೋದರನೆಂದೇ ಅರ್ಥ. ನಮ್ಮ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತದ ನಾನಾ ಭಾಷೆಗಳ ಬಂಧುವಾಚಕಗಳನ್ನು ಕಲೆಹಾಕಿ, ಪದದ ಹಿಂದೆ ಮನೆಯ ಕಟ್ಟುಪಾಡು ಇರುವುದನ್ನು ತೋರಿಸಿದ್ದಾರೆ. ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದು, ಇಂಗ್ಲಿಷಿನಲ್ಲಿ ಪದ ಕಡಿಮೆ, ಬೇಕಾದರೆ ‘ಮದರ್ಸ್ ಬ್ರದರ್’ ಎಂದು ಬಿಡಿಸಿ ಹೇಳಿ ಎಂದೆವು. ಮಕ್ಕಳ ಮನೆಯ ರೀತಿನೀತಿಗಳನ್ನೆಲ್ಲ ಗಣನೆಗೆ ತೆಗೆದುಕೊಂಡೆವೆಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.

ತಪ್ಪು ಆದದ್ದು ಅದಾದ ಮೇಲೆ, ಬಿಟ್ಟ ಸ್ಥಳ ತುಂಬುವ ಅಭ್ಯಾಸದಲ್ಲಿ. ‘ಮೈ ಫಾದರ್’ ಎಂದು ಬರೆದು, ಖಾಲಿ ಗೆರೆ ಬಿಟ್ಟು, ‘ಎ ಮೇಸನ್’ ಎಂದು ಮುಗಿಸಬೇಕಿತ್ತು. ಹನ್ನೊಂದು ವರ್ಷದ ಒಬ್ಬ ಹುಡುಗ ಗೆರೆಯ ಮೇಲೆ ‘ಇಸ್’ ಎಂದು ಬರೆದು ಅಳಿಸಿದ. ‘ವಾಸ್’ ಎಂದು ಬರೆದು ಅದನ್ನೂ ಅಳಿಸಿದ. ಕಾಗದ ಹರಿಯುವಷ್ಟು ಉಜ್ಜಿದ್ದ. ಅವನಿಗೆ ಕಾಲಭೇದ ತಿಳಿದಿಲ್ಲವೆಂದು ಭಾವಿಸಿ ನಾವು ಎಲ್ಲರೆದುರಿಗೆ, “ಇಸ್ಸೋ ವಾಸೋ, ಒಂದನ್ನು ಹೇಳಪ್ಪಾ” ಎಂದೆವು. ಅವನು ಹೇಳಲಿಲ್ಲ. ಮುಂದಿನ ಎರಡು ಭಾನುವಾರ ಬರಲೂ ಇಲ್ಲ.

ಮೂರನೆಯ ವಾರ ಅವರು ವಾಸವಾಗಿದ್ದ ತಗಡಿನ ಶೆಡ್ಡಿಗೆ ಹೋದೆವು. ತಂದೆ ಗೌಂಡಿ. ನಾಲ್ಕು ವರ್ಷದ ಹಿಂದೆ ಬೇರೆ ಊರಿನ ಕೆಲಸಕ್ಕೆಂದು ಹೋದವನು ಹಿಂದಿರುಗಿಲ್ಲ, ಫೋನಿಲ್ಲ, ಸುದ್ದಿಯಿಲ್ಲ. ತಾಯಿಯ ಹಣೆಯಲ್ಲಿ ಕುಂಕುಮವಿತ್ತು. ಆಕೆ ಸಿಟ್ಟಾಗಲಿಲ್ಲ. “ಏನ್ ಕಲಿಸಿದ್ರಿ ಸಾಹೇಬ್ರ? ಅಪ್ಪ ಅದಾನೋ ಇದ್ದನೋ ಅಂತ ಮನಿಗೆ ಬಂದು ನನ್ನ ಕೇಳ್ಯಾನ. ನಾ ಏನ್ ಹೇಳ್ಲಿ?” ಎಂದರು. ನಮ್ಮಲ್ಲೂ ಉತ್ತರವಿರಲಿಲ್ಲ.

ಹಿಂದಿರುಗುವಾಗ ಒಂದು ಸಣ್ಣ ವಿಷಯ ಹೊಳೆಯಿತು. ಕನ್ನಡದಲ್ಲಿ ‘ನಮ್ಮಪ್ಪ ಗೌಂಡಿ’ ಎಂದರೆ ಮಾತು ಮುಗಿಯಿತು. ಅದರಲ್ಲಿ ಕ್ರಿಯಾಪದವಿಲ್ಲ, ಆದ್ದರಿಂದ ಕಾಲವೂ ಇಲ್ಲ. ಅಪ್ಪ ಮನೆಯಲ್ಲಿದ್ದರೂ ಊರಲ್ಲಿದ್ದರೂ ಎಲ್ಲಿಯೂ ಇಲ್ಲದಿದ್ದರೂ ಆ ವಾಕ್ಯ ನಿಲ್ಲುತ್ತದೆ. ಆ ಹುಡುಗ ನಾಲ್ಕು ವರ್ಷ ಆ ವಾಕ್ಯದ ನೆರಳಲ್ಲಿದ್ದ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ನಡುವೆ ‘ಇಸ್’ ಇಡು, ಇಲ್ಲವೆ ‘ವಾಸ್’ ಇಡು ಎನ್ನುತ್ತದೆ. ಪದಗಳ ವ್ಯತ್ಯಾಸವನ್ನು ಅಷ್ಟು ಜತನದಿಂದ ವಿವರಿಸಿದ ನಮಗೆ ಈ ಎರಡಕ್ಷರದ ಕ್ರಿಯಾಪದ ಕಾಣಲಿಲ್ಲ. ಒಬ್ಬ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂಬ ತೀರ್ಪನ್ನು ಅವನ ಮಗನ ಬಾಯಿಂದಲೇ ಕೇಳಿದೆವು.

ಕಾಯಿದೆ ಕೂಡ ಇಷ್ಟು ಅವಸರ ಮಾಡುವುದಿಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಒಂದು ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಸಹಜವಾಗಿ ಯಾರಿಗೆ ಸುದ್ದಿ ತಲುಪಬೇಕಿತ್ತೋ ಅವರಿಗೆ ಏಳು ವರ್ಷ ಒಬ್ಬನ ಸುದ್ದಿಯೇ ಇಲ್ಲದಿದ್ದರೆ, ಆಮೇಲೆ ಮಾತ್ರ, ಅವನು ಬದುಕಿದ್ದಾನೆನ್ನುವವರು ಅದನ್ನು ಸಾಧಿಸಿ ತೋರಿಸಬೇಕು. ಏಳು ವರ್ಷ ಕಾಯಲು ಕಾಯಿದೆ ಸಿದ್ಧವಿದೆ. ನಾವು ಐದು ನಿಮಿಷವೂ ಕಾಯಲಿಲ್ಲ. ಹಾಗೆಯೇ ಕೇಂದ್ರ ಸರ್ಕಾರದ 1988ರ ರಜಾ ಪ್ರವಾಸ ರಿಯಾಯಿತಿ ನಿಯಮಗಳಲ್ಲಿ ‘ಕುಟುಂಬ’ ಎಂದರೇನೆಂದು ಓದಿ ನೋಡಿ: ಮಲಮಕ್ಕಳು, ಮಲತಂದೆ-ಮಲತಾಯಿ, ಗಂಡ ತೊರೆದ ಮಗಳು, ವಿಧವೆಯಾದ ತಂಗಿ, ಎಲ್ಲರೂ ಷರತ್ತಿಗೊಳಪಟ್ಟು ಅದರಲ್ಲಿದ್ದಾರೆ. ಅದನ್ನು ಎಷ್ಟೋ ಸಲ ಟಿಪ್ಪಣಿಯಲ್ಲಿ ಉದ್ಧರಿಸಿದ ನಾವು ಭಾನುವಾರದ ದಿನ ಕುರ್ಚಿಯಲ್ಲಿ ಪತ್ರಿಕೆ ಓದುವ ತಂದೆಯ ಚಿತ್ರವನ್ನೇ ಕುಟುಂಬವೆಂದು ನಂಬಿದ್ದೆವು.

ಈಗ ಪ್ರಶ್ನೆಗೆ ಬರೋಣ. ಇಂಥ ಪಾಠವನ್ನು ಕೈಬಿಡುವುದು ಲೇಸೆ? ನಮ್ಮಲ್ಲೊಬ್ಬರು ಹಾಗೆಯೇ ವಾದಿಸಿದರು. ಹಣ್ಣು, ಹೂವು, ಬಣ್ಣಗಳ ಹೆಸರು ಕಲಿಸಿದರೆ ಸಾಲದೆ ಎಂದರು. ಸಾಲದು ಎಂಬುದು ನಮ್ಮ ಉತ್ತರ. ಶಾಲೆಯ ಅರ್ಜಿ, ಆಸ್ಪತ್ರೆಯ ಚೀಟಿ, ಬ್ಯಾಂಕಿನ ನಮೂನೆ, ಎಲ್ಲೆಡೆಯೂ ನಾಳೆ ಆ ಹುಡುಗನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಅಂದು ಅವನ ಬಳಿ ಪದವಿಲ್ಲದಿದ್ದರೆ ಇನ್ನೂ ಕಷ್ಟ. ನೋವಾದೀತೆಂದು ಪದವನ್ನೇ ಕೊಡದಿರುವುದು ಕರುಣೆಯಂತೆ ಕಂಡರೂ ಅದು ವಂಚನೆಯೇ.

ಇನ್ನೊಬ್ಬ ಹಿರಿಯರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. “ತಮ್ಮ ಮನೆಯ ವಿಷಯ ಹೇಳುವುದೋ ಬಿಡುವುದೋ ಮಕ್ಕಳ ಇಷ್ಟವೆಂದರೆ, ಕೆಲವರು ಇಲ್ಲದ ತಂದೆಯನ್ನು ಇದ್ದಾನೆಂದು ಬರೆಯುತ್ತಾರೆ. ಸುಳ್ಳು ಬರೆಯುವುದನ್ನು ನಾವೇ ಕಲಿಸಿದ ಹಾಗಾಗದೆ?” ಎಂದು ಅವರು ಕೇಳಿದರು. ಇದನ್ನು ಬಹಳ ಯೋಚಿಸಿದೆವು. ಸಂಸ್ಕೃತ ವ್ಯಾಕರಣದ ಉದಾಹರಣೆಗಳಲ್ಲಿ ದೇವದತ್ತನೆಂಬವನು ಎರಡು ಸಾವಿರ ವರ್ಷಗಳಿಂದ ಅನ್ನ ಬೇಯಿಸುತ್ತಿದ್ದಾನೆ, ಊರಿಗೆ ಹೋಗುತ್ತಿದ್ದಾನೆ. ಅವನು ಯಾರ ಮಗ, ನಿಜವಾಗಿ ಅನ್ನ ಬೇಯಿಸಿದನೆ ಎಂದು ಯಾವ ಪಂಡಿತರೂ ಕೇಳಲಿಲ್ಲ. ಅಭ್ಯಾಸದ ವಾಕ್ಯ ನ್ಯಾಯಾಲಯದ ಸಾಕ್ಷ್ಯವಲ್ಲ. ಸತ್ಯ ಹೇಳಬೇಕಾದ್ದು ಕೇಳುವ ಹಕ್ಕುಳ್ಳವರಿಗೆ. ಮೂವತ್ತು ಮಕ್ಕಳ ಮುಂದೆ ಒಂದು ಮಗುವಿನ ಮನೆಯೊಳಗನ್ನು ಕೇಳುವ ಹಕ್ಕನ್ನು ನಮಗೆ ಕೊಟ್ಟವರು ಯಾರು? ವರ್ಡ್ಸ್‌ವರ್ತ್ ಕವಿ 1798ರಲ್ಲಿ ಪ್ರಕಟಿಸಿದ ‘ವಿ ಆರ್ ಸೆವೆನ್’ ಕವನದಲ್ಲಿಯೂ ಹೀಗೆಯೇ ಲೆಕ್ಕ ಕೇಳುವ ಒಬ್ಬ ದೊಡ್ಡವನಿದ್ದಾನೆ. ಪುಟ್ಟ ಹುಡುಗಿ ತೀರಿಕೊಂಡ ಇಬ್ಬರನ್ನೂ ಸೇರಿಸಿ ತಾವು ಏಳು ಜನ ಎನ್ನುತ್ತಾಳೆ. ಅವನು ಎರಡನ್ನು ಕಳೆಯುತ್ತಲೇ ಇರುತ್ತಾನೆ. ಅವನ ಗಣಿತ ಸರಿಯೇ. ಆದರೂ ಓದುವವರು ಹುಡುಗಿಯ ಪಕ್ಷ.

ಈಗ ನಾವು ಕುಟುಂಬದ ಪಾಠವನ್ನು ಬಿಟ್ಟಿಲ್ಲ, ಬದಲಾಯಿಸಿಕೊಂಡಿದ್ದೇವೆ. ಪದಗಳನ್ನು ಹೆಚ್ಚಿಸಿದ್ದೇವೆ: ಗಾರ್ಡಿಯನ್, ಸ್ಟೆಪ್‌ಮದರ್, ವಿಡೋ, ಅಡಾಪ್ಟೆಡ್, ಲೇಟ್. ಪ್ರಶ್ನೆಗಳನ್ನು ಕಡಿಮೆ ಮಾಡಿದ್ದೇವೆ. ಕೇಳುವುದೆಲ್ಲ ಚಿತ್ರದಲ್ಲಿರುವವರ ಬಗ್ಗೆ, ಕಲ್ಪಿತ ಮನೆಗಳ ಬಗ್ಗೆ. ಅವುಗಳಲ್ಲಿ ಅಜ್ಜಿ ಮೊಮ್ಮಕ್ಕಳು ಮಾತ್ರ ಇರುವ ಮನೆಯೂ ಉಂಟು, ಮಾವನ ಆಶ್ರಯದ ಮನೆಯೂ ಉಂಟು. ತಮ್ಮ ಮನೆಯ ವಿಷಯ ಹೇಳುವವರು ಹೇಳಲಿ, ಒಲ್ಲದವರು ಬಿಡಲಿ.

ಇನ್ನೊಂದು ಮಾತು. ‘ಇಸ್’ ‘ವಾಸ್’ಗಳ ನಡುವೆ ಇಂಗ್ಲಿಷಿನಲ್ಲೇ ಒಂದು ದಾರಿಯಿದೆ. ‘ಹಿ ಹ್ಯಾಸ್ ಗಾನ್ ಟು ವರ್ಕ್. ಹಿ ಹ್ಯಾಸ್ ನಾಟ್ ಕಮ್ ಬ್ಯಾಕ್.’ ಹೋಗಿದ್ದಾನೆ, ಬಂದಿಲ್ಲ, ಅಷ್ಟೆ. ಅದು ಪುಸ್ತಕದ ಕೊನೆಯ ಪಾಠಗಳಲ್ಲಿತ್ತು. ಈಗ ಅದನ್ನು ಮುಂಚೆಯೇ ಕಲಿಸುತ್ತೇವೆ.

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಯುಗಾದಿ, ರಾಜ್ಯೋತ್ಸವದ ಕೂಟಗಳಲ್ಲಿ ಹೊಸದಾಗಿ ಬಂದವರನ್ನು ನಾವು ಪ್ರೀತಿಯಿಂದಲೇ ಕೇಳುತ್ತೇವೆ: ಯಜಮಾನರಿಗೆ ಎಲ್ಲಿ ಕೆಲಸ, ಮಕ್ಕಳೆಷ್ಟು, ಇನ್ನೂ ಯಾಕೆ ಆಗಿಲ್ಲ? ಪರಊರಿನಲ್ಲಿ ಕನ್ನಡ ಕೇಳಿ ಬಂದವರು ಒಂದು ಸಲ ಬಂದು ಮತ್ತೆ ಕಾಣಿಸಿಕೊಳ್ಳದಿದ್ದಾಗ, ನಮ್ಮ ಪ್ರಶ್ನೆಗಳನ್ನೂ ಒಮ್ಮೆ ನೆನೆಯೋಣ.

ಆ ಹುಡುಗ ದೀಪಾವಳಿ ಕಳೆದ ಮೇಲೆ ಬಂದ. ಈಗ ತಪ್ಪದೆ ಬರುತ್ತಾನೆ. ಅವನ ಪುಸ್ತಕದ ಆ ಗೆರೆ ಇನ್ನೂ ಖಾಲಿಯಾಗಿಯೇ ಇದೆ. ನಾವು ಅದಕ್ಕೆ ಕೆಂಪು ಶಾಯಿ ಹಾಕಿಲ್ಲ.